ತೂಕ ಸುಳ್ಳು ಬರೆಯದ ಹುಡುಗನಿಗೆ ನಾವು ಹೇಳಿದ ಬುದ್ಧಿ

ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಸುಗ್ಗಿ ಹಬ್ಬ ಇತ್ತು. ಗೋವಿನಜೋಳದ ತೆನೆ, ಕಬ್ಬಿನ ಜಲ್ಲೆ, ಬಾಳೆಗೊನೆ, ಕುಂಬಳಕಾಯಿ ಎಲ್ಲ ಮುಂದೆ ಇಟ್ಟಿದ್ದರು. ಓದಿದ್ದು ಬೈಬಲಿನ ಕೀರ್ತನೆ 15. ಆರಾಧನೆ ಮುಗಿದು ಹೊರಗೆ ಸವಾಲು, ಅಂದರೆ ಕಾಣಿಕೆಗಳ ಹರಾಜು, ನಡೆಯುವಾಗ ಬೇವಿನ ಮರದ ಹತ್ತಿರ ನಾಲ್ಕೈದು ಜನ ಹಿರಿಯರು ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗ ನಮ್ಮ ಭಾಗದಲ್ಲಿ ಒಂದು ಕಡೆ ಕಬ್ಬು ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದ. ಎಲ್ಲಿ ಅಂತ ಕೇಳಬೇಡಿ, ಹೇಳುವುದಿಲ್ಲ. ಘಟಪ್ರಭಾ ದಂಡೆಯವರಿಗೆ ಕಾಟಾ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಬೆಂಗಳೂರಿನ ಗೆಳೆಯರಿಗಾಗಿ ಹೇಳುತ್ತೇನೆ. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಒಮ್ಮೆ ತೂಗುತ್ತಾರೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ಎರಡರ ನಡುವಿನ ವ್ಯತ್ಯಾಸಕ್ಕೆ ರೈತನಿಗೆ ದುಡ್ಡು. ಖಾಲಿ ಗಾಡಿಯ ತೂಕವನ್ನು ಸ್ವಲ್ಪ ಜಾಸ್ತಿ ತೋರಿಸಿದರೆ ಸಾಕು, ಅಷ್ಟು ಕಬ್ಬು ಮಾಯ. 20 ಟನ್ನಿನ ಲೋಡಿನಲ್ಲಿ 200 ಕಿಲೋ ಹೋದರೆ ಕಣ್ಣಿಗೆ ಕಾಣುವುದೂ ಇಲ್ಲ. ಟನ್ನಿಗೆ 3,300 ರೂಪಾಯಿ ಅಂತ ಹಿಡಿದರೆ ಒಂದು ಲೋಡಿಗೆ 660 ರೂಪಾಯಿ. ಕಟಾವು ಮಾಡುವ ಗ್ಯಾಂಗಿನವರಿಗೂ, ಗಾಡಿಯವರಿಗೂ ಟನ್ ಲೆಕ್ಕದಲ್ಲೇ ದುಡ್ಡು. ಹಾಗಾಗಿ ಅವರ ಕೂಲಿಯಲ್ಲೂ ಕಡಿತ.

ಇವನಿಗೆ ಹಾಗೆ ಮಾಡು ಅಂದರು. ಇವನು ಆಗಲ್ಲ ಅಂದ. ಜಗಳ ಮಾಡಲಿಲ್ಲ, ವಿಡಿಯೋ ಹಾಕಲಿಲ್ಲ. ಹಂಗಾಮಿನ ನಡುವೆಯೇ ಕೆಲಸ ಹೋಯಿತು. ಮನೆಯಲ್ಲಿ ತಾಯಿ, ಓದುವ ತಂಗಿ. ಬೆಳಗಾವಿ ಕಡೆಯ ಹೆಣ್ಣಿನ ಮನೆಯವರು "ಕೆಲಸ ಸಿಗಲಿ, ಆಮೇಲೆ ನೋಡೋಣ" ಅಂತ ಮದುವೆ ಮಾತನ್ನು ಮುಂದಕ್ಕೆ ಹಾಕಿದ್ದಾರೆ.

ನಮ್ಮ ಹಿರಿಯರು ಹೇಳಿದ್ದು: "ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಿತ್ತಪಾ ತಮ್ಮಾ. ಎಲ್ಲಾರೂ ಮಾಡ್ತಾರ. ನೀ ಒಬ್ಬಾಂವ ಬಿಟ್ರ ಕಾಟಾ ಸರಿ ಆಕ್ಕೈತೇನು?" ಹುಡುಗ ತಲೆ ತಗ್ಗಿಸಿ "ಹೂಂ ಕಾಕಾ" ಅಂದ. ತಪ್ಪು ಮಾಡಿದವನ ಹಾಗೆ ನಿಂತಿದ್ದ. ನನಗೆ ಸಹಿಸಲಾಗದೆ ಇದ್ದದ್ದು ಅದು.

ಅರ್ಧ ಗಂಟೆ ಮುಂಚೆ ಒಳಗೆ ಏನು ಓದಿದ್ದೆವು? ಯೆಹೋವನ ಗುಡಾರದಲ್ಲಿ ಯಾರು ಇರಬಹುದು ಎಂಬ ಪ್ರಶ್ನೆ. ನಷ್ಟವಾದರೂ ಕೊಟ್ಟ ಮಾತು ಬದಲಿಸದವನು, ನಿರಪರಾಧಿಯ ವಿರುದ್ಧ ಲಂಚ ತೆಗೆದುಕೊಳ್ಳದವನು ಅಂತ ಉತ್ತರ. ಎಲ್ಲರೂ ಆಮೆನ್ ಅಂದೆವು. ಹಾಗೆ ನಡೆದವನು ಹೊರಗೆ ಮರದ ಕೆಳಗೆ ನಿಂತಿದ್ದ. ಅವನಿಗೆ ಆಮೆನ್ ಸಿಗಲಿಲ್ಲ.

ಬೈಬಲಿನಲ್ಲಿ ಮೊದಲನೆಯ ಅರಸುಗಳ 22ನೇ ಅಧ್ಯಾಯ ಒಮ್ಮೆ ತೆಗೆದು ಓದಿ. ಇಸ್ರಾಯೇಲಿನ ರಾಜ ಅಹಾಬ ಯುದ್ಧಕ್ಕೆ ಹೊರಟಿದ್ದಾನೆ. ಸುಮಾರು 400 ಪ್ರವಾದಿಗಳು ಹೋಗು, ಗೆಲ್ಲುತ್ತೀ ಅನ್ನುತ್ತಾರೆ. ಉಳಿದ ಒಬ್ಬ ಪ್ರವಾದಿ ಮೀಕಾಯೆಹುವನ್ನು ಕರೆಯಲು ಹೋದ ಆಳು ದಾರಿಯಲ್ಲೇ ಬುದ್ಧಿ ಹೇಳುತ್ತಾನೆ: ಎಲ್ಲರೂ ಒಂದೇ ಮಾತು ಹೇಳಿದ್ದಾರೆ, ನಿನ್ನದೂ ಹಾಗೇ ಇರಲಿ. ನಮ್ಮ ಕಾಕಾಗಳು ಹೇಳಿದ್ದೂ ಇದೇ ಅಲ್ವಾ? ಮೀಕಾಯೆಹು ಒಪ್ಪಲಿಲ್ಲ. ಅವನ ಕೆನ್ನೆಗೆ ಹೊಡೆದವನು ರಾಜನಲ್ಲ, ಇನ್ನೊಬ್ಬ ಪ್ರವಾದಿ. ಆಮೇಲೆ ಸೆರೆಮನೆ, ಅಳತೆಯ ರೊಟ್ಟಿ, ಅಳತೆಯ ನೀರು. ಅಹಾಬ ಯುದ್ಧದಲ್ಲಿ ಸತ್ತ, ಮೀಕಾಯೆಹುವಿನ ಮಾತು ನಿಜವಾಯಿತು. ಆದರೆ ಅವನನ್ನು ಬಿಡುಗಡೆ ಮಾಡಿದರು ಅಂತ ಆ ಅಧ್ಯಾಯದಲ್ಲಿ ಒಂದು ವಚನವೂ ಇಲ್ಲ. ನಾನು ಹುಡುಕಿದ್ದೇನೆ.

ದೇವರು ತಮಗೆ ಮಾಡಿದ್ದನ್ನು ನಮ್ಮ ಸಭೆಯ ಮುಂದೆ ಸಾಕ್ಷಿ ಹೇಳುವವರ ಕತೆ ಹೀಗಿರುವುದಿಲ್ಲ. ಕೆಲಸ ಹೋಯಿತು, ಪ್ರಾರ್ಥನೆ ಮಾಡಿದೆ, ಇನ್ನೂ ದೊಡ್ಡ ಕೆಲಸ ಸಿಕ್ಕಿತು, ಹಲ್ಲೆಲೂಯ. ನಿಜವಾಗಿ ಹಾಗಾದರೆ ನನಗೂ ಸಂತೋಷವೇ. ಆದರೆ ಇನ್ನೂ ಕೆಲಸ ಸಿಗದವನು, ಮದುವೆ ನಿಂತವನು ಯಾವ ಭಾನುವಾರ ಮೈಕಿನ ಮುಂದೆ ಬರಬೇಕು? ಕಳೆದುಕೊಂಡದ್ದು ವಾಪಸ್ ಬಂದ ಮೇಲೆ ಮಾತ್ರ ನಾವು ಅದನ್ನು ನಂಬಿಕೆ ಅನ್ನುತ್ತೇವೆ. ಅಲ್ಲಿಯವರೆಗೆ ಅದಕ್ಕೆ ಹಟ ಅನ್ನುತ್ತೇವೆ.

ನನ್ನ ಅಪ್ಪನ ಕತೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಬಾರದ ಕೂಲಿಯವರ ಹೆಸರಿದ್ದ ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ ಅಂತ ಅವನನ್ನು ದೂರ ವರ್ಗ ಮಾಡಿದರು. ಎರಡು ಕಡೆ ಮನೆ ನಡೆಸಬೇಕಾಯಿತು. ಅವ್ವನ ಪಾಟ್ಲಿ ಬಳೆ ಒತ್ತೆಗೆ ಹೋದವು, ವಾಪಸ್ ಬರಲಿಲ್ಲ. ತೀರ್ಮಾನ ಅಪ್ಪನದು, ಬೆಲೆ ತೆತ್ತವಳು ಅವ್ವ. ಅವಳನ್ನು ಯಾರೂ ಕೇಳಿರಲಿಲ್ಲ. ಅದು ಅವಳಿಗೆ ನ್ಯಾಯವೇ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ. ಆದರೆ ಒಂದು ಗೊತ್ತು. ಅವ್ವ ಅತ್ತದ್ದು ಪಾಟ್ಲಿಗಾಗಿ ಅಲ್ಲ. ಸಭೆಯ ಹೆಂಗಸರು ಮನೆಗೆ ಬರುವುದನ್ನು ನಿಲ್ಲಿಸಿದ್ದಕ್ಕೆ. ನಮ್ಮ ಜೊತೆ ಕಂಡರೆ ತಮ್ಮ ಗಂಡಂದಿರಿಗೂ ತೊಂದರೆ ಅಂತ ಅವರಿಗೆ ಭಯ.

ಹಿರಿಯರಲ್ಲಿ ಒಬ್ಬರು ನನಗೂ ವಚನ ಹೇಳಿದರು. ಮತ್ತಾಯ 10:16, ಸರ್ಪದಂತೆ ಜಾಣರಾಗಿರಿ, ಪಾರಿವಾಳದಂತೆ ನಿಷ್ಕಪಟಿಗಳಾಗಿರಿ. ಸರಿ. ಅದರ ಮುಂದಿನ ವಚನ ಓದಿದ್ದೀರಾ? ನಿಮ್ಮನ್ನು ನ್ಯಾಯಸಭೆಗಳಿಗೆ ಒಪ್ಪಿಸುತ್ತಾರೆ, ಸಭಾಮಂದಿರಗಳಲ್ಲಿ ಕೊರಡೆಯಿಂದ ಹೊಡೆಯುತ್ತಾರೆ ಅಂತ ಇದೆ. ಪೆಟ್ಟಿನಿಂದ ತಪ್ಪಿಸಿಕೊಳ್ಳುವ ಉಪಾಯ ಹೇಳಲು ಯೇಸು ಆ ಮಾತು ಆಡಲಿಲ್ಲ. ಇನ್ನೊಬ್ಬ ಗೆಳೆಯ ಫೋನಿನಲ್ಲಿ ಯೆಹೋವನನ್ನು ನಂಬಿದ ಸಿರಿಯಾದ ಸೇನಾಪತಿ ನಾಮಾನನ ವಿಷಯ ತೆಗೆದ. ರಾಜನ ಜೊತೆ ರಿಮ್ಮೋನ ಅನ್ನುವ ಅಲ್ಲಿನ ದೇವರ ಗುಡಿಯಲ್ಲಿ ಬಗ್ಗಬೇಕಾಗುತ್ತದೆ ಅಂದಾಗ ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಅನ್ನಲಿಲ್ಲವೇ ಅಂತ. ಅಂದ. ಆದರೆ ನಾಮಾನ ಬಗ್ಗಿಸಿದ್ದು ತನ್ನ ಬೆನ್ನನ್ನು. ಇನ್ನೊಬ್ಬನ ಹೊಲದ ಬೆಳೆಗೆ ಕೈ ಹಾಕಲಿಲ್ಲ. ಹೊಂದಾಣಿಕೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಹುಡುಗನೂ ಹೊಂದಿಕೊಂಡೇ ಇದ್ದ. ಹಂಗಾಮಿನಲ್ಲಿ ಭಾನುವಾರವೂ ಪಾಳಿ ಮಾಡಿದ, ಬೈಗುಳ ಕೇಳಿದ, ಸಂಬಳ ತಡವಾದಾಗ ಸುಮ್ಮನಿದ್ದ. ರೈತನ 200 ಕಿಲೋ ಅವನದಲ್ಲ, ಅದನ್ನು ಅವನು ಬಿಟ್ಟುಕೊಡಲು ಬರುವುದಿಲ್ಲ. ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿಯಲ್ಲಿ ಸ್ಪಷ್ಟ ಇದೆ.

ಸತ್ಯಕ್ಕೆ ಗಟ್ಟಿ ನಿಲ್ಲುತ್ತೇವೆ ಅಂತ ಫೇಸ್‌ಬುಕ್ಕಿನಲ್ಲಿ ಬೇರೆಯವರನ್ನು ಬೈಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರಿಂದ ಅವರ ಒಂದು ರೂಪಾಯಿಯೂ ಹೋಗುವುದಿಲ್ಲ. ಈ ಹುಡುಗ ಯಾರನ್ನೂ ಬೈಯಲಿಲ್ಲ. ಸಂಬಳ ಕಳೆದುಕೊಂಡ.

ಹಳೆಯದನ್ನು ನೆನೆಯುವುದರಲ್ಲಿ ನಾವು ಮುಂದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ. ನಂಬಿದವರನ್ನು ಜಾತಿಯಿಂದ ಹೊರಗಿಟ್ಟರು, ಮನೆ ಹೋಯಿತು, ಕಸುಬು ಹೋಯಿತು. ಆ ಹಿರಿಯರ ತ್ಯಾಗದ ಬಗ್ಗೆ ಪ್ರತಿ ವರ್ಷ ಭಾಷಣ ಕೇಳುತ್ತೇವೆ. ಭಾಷಣದಲ್ಲಿ ಬಿಟ್ಟುಹೋಗುವ ಮಾತು ಒಂದಿದೆ. ಹೀಗೆ ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿ ಆಗಲಿ ಅಂತಲೇ ಮಿಷನ್ನಿನವರು ಕರಾವಳಿಯಲ್ಲಿ ನೇಯ್ಗೆ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಶುರು ಮಾಡಿದರು. ಗಟ್ಟಿಯಾಗಿ ನಿಲ್ಲು ಅಂತ ಹೇಳಿದವರು ಹಾಗೆ ನಿಂತವನ ಮನೆಯ ಒಲೆ ಉರಿಯುತ್ತದೆಯೇ ಅಂತಲೂ ನೋಡಿದರು. ಅವರಲ್ಲಿ ಬೇರೆ ತಪ್ಪುಗಳು ಇರಬಹುದು, ಈ ಒಂದು ವಿಷಯದಲ್ಲಿ ನಮಗಿಂತ ಮೇಲು.

ನಮ್ಮ ಸಭೆಯಲ್ಲಿ ಸಹಾಯ ನಿಧಿ ಇದೆ. ಸುಗ್ಗಿ ಹಬ್ಬದ ಸವಾಲಿನ ದುಡ್ಡೂ ಈಗಷ್ಟೇ ಬಂದಿದೆ. ಹಂಗಾಮು ಮುಗಿಯುವವರೆಗೆ ಆ ಮನೆಗೆ ತಿಂಗಳ ಖರ್ಚು ಕೊಡಬೇಕು, ತಂಗಿಯ ಫೀ ಕಟ್ಟಬೇಕು ಅಂತ ಮುಂದಿನ ಕಮಿಟಿಯಲ್ಲಿ ಕೇಳುತ್ತೇನೆ. ಇದನ್ನು ಓದುವ ಕಮಿಟಿಯವರು ಉತ್ತರ ತಯಾರು ಮಾಡಿಕೊಂಡು ಬನ್ನಿ. ಹುಡುಗ ಬಿಕಾಂ ಮಾಡಿದ್ದಾನೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುತ್ತಾನೆ, ಟ್ರ್ಯಾಕ್ಟರ್ ಲೈಸೆನ್ಸ್ ಇದೆ. ಬಾಗಲಕೋಟೆ, ಜಮಖಂಡಿ, ಗೋಕಾಕ, ವಿಜಯಪುರ ಎಲ್ಲಾದರೂ ಸರಿ. ಅಂಗಡಿ, ಗೋದಾಮು, ಆಸ್ಪತ್ರೆ, ಶಾಲೆ, ಎಲ್ಲಿ ಕೆಲಸ ಇದ್ದರೂ ನನಗೆ ಮೆಸೇಜ್ ಮಾಡಿ. ಯಾಕೆ ಕೆಲಸ ಬಿಟ್ಟ ಅಂತ ಕೇಳಿದರೆ ನಿಜವನ್ನೇ ಹೇಳುತ್ತಾನೆ, ಅದು ಗೊತ್ತಿದ್ದೇ ಕರೆಯಿರಿ.