ಎಡಕ್ಕೆ ಎಳೆಯುವ ಗಾಡಿ

ಗ್ರಾನ್ ಟುರಿಸ್ಮೊ ಎಂಬ ಕಾರ್ ರೇಸಿನ ವಿಡಿಯೋ ಗೇಮಿನಲ್ಲಿ ಇರುವಂಥ ವರ್ಕ್‌ಶಾಪ್ ಇಡೀ ಕಾಸರಗೋಡು ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ರೇಟು ಮೊದಲೇ ಬರೆದಿಟ್ಟಿರುತ್ತಾರೆ. ಬಟನ್ ಒತ್ತಿದರೆ ಆಯಿಲ್ ಬದಲಾಯಿತು. "ಪಾರ್ಟ್ಸ್ ಮಂಗಳೂರಿಂದ ಬರಬೇಕು" ಎನ್ನುವವರಿಲ್ಲ. "ಹುಡುಗ ಊಟಕ್ಕೆ ಹೋಗಿದ್ದಾನೆ" ಎನ್ನುವವರೂ ಇಲ್ಲ.

ಈ ಜ್ಞಾನವೆಲ್ಲ ನನಗೆ ಬಂದದ್ದು ಅಕ್ಕನ ಮಗನಿಂದ. ಭಾವ ದುಬೈಯಿಂದ ಬರುವಾಗ ಅವನಿಗೆ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಶನ್ ಒಂದನ್ನು ತಂದಿದ್ದರು. ಓಣಂ ರಜೆ ಶುರುವಾದದ್ದೇ ತಡ, ಹುಡುಗ ಅದನ್ನು ಚೀಲಕ್ಕೆ ತುಂಬಿಸಿಕೊಂಡು ಬದಿಯಡ್ಕದ ನಮ್ಮ ಮನೆಗೆ ಬಂದ. ಮಾವನ ಮೇಲೆ ಪ್ರೀತಿ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಮ್ಮ ಟಿವಿ ದೊಡ್ಡದು ಅಂತ ನನಗೆ ಗೊತ್ತು.

ಈ ಆಟ 1997ರಲ್ಲಿ ಶುರುವಾದದ್ದು. ಎಷ್ಟೋ ವರ್ಷ ಇದರ ಕಾರುಗಳಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. 2004ರಲ್ಲಿ ಬಂದ ನಾಲ್ಕನೇ ಆಟದಲ್ಲೂ ಅಷ್ಟೇ. ಇನ್ನೂರು ಕಿಲೋಮೀಟರ್ ಸ್ಪೀಡಿನಲ್ಲಿ ಗೋಡೆಗೆ ಗುದ್ದಿದರೂ ಬಂಪರ್ ನಗುನಗುತ್ತಾ ಇರುತ್ತಿತ್ತು. ಆದರೆ ಆಯಿಲ್ ಮಾತ್ರ ಹಳತಾಗುತ್ತಿತ್ತು! ಓಡಿಸಿ ಓಡಿಸಿ ಬಾಡಿ ಸಡಿಲ ಆಗುತ್ತಿತ್ತು, ಅದನ್ನು ಗಟ್ಟಿ ಮಾಡಲು ದುಡ್ಡು ಕೊಡಬೇಕಿತ್ತು. ಗುದ್ದಿದ್ದಕ್ಕೆ ಖರ್ಚಿಲ್ಲ, ನೆಟ್ಟಗೆ ಓಡಿಸಿದ್ದಕ್ಕೆ ಖರ್ಚು. ಇದೆಂಥ ನ್ಯಾಯ ಮಾರಾಯ್ರೇ? ಕಾರು ನಜ್ಜುಗುಜ್ಜಾಗುವ ಭಾಗ್ಯ ಬಂದದ್ದು 2010ರ ಐದನೇ ಆಟದಲ್ಲಿ. 2005ರಲ್ಲಿ ಬಂದ ಫೋರ್ಜಾ ಎಂಬ ಇನ್ನೊಂದು ಆಟ ಈ ವಿಷಯದಲ್ಲಿ ಕಟ್ಟುನಿಟ್ಟು. ಗೆದ್ದ ದುಡ್ಡಿನಿಂದಲೇ ರಿಪೇರಿ ಖರ್ಚು ಮುರಿದುಕೊಳ್ಳುತ್ತಿತ್ತು. ನನಗೆ ಅದೇ ಸರಿ ಕಾಣುತ್ತದೆ.

ನಮ್ಮ ಹುಡುಗ ಆಡುವುದು 2022ರ ಏಳನೇ ಆಟ. ಅದರಲ್ಲಿ ಅವನ ಕಾರಿಗೆ ಒಂದು ರೋಗ ಅಂಟಿಕೊಂಡಿತ್ತು. ಎಡಕ್ಕೆ ಎಳೆಯುವುದು. ಆಯಿಲ್ ಬದಲಿಸಿದ, ಹೊಸ ಟಯರ್ ಹಾಕಿಸಿದ, ಎಂಜಿನ್ ಓವರ್‌ಹಾಲ್ ಮಾಡಿಸಿದ, ಬಾಡಿ ಗಟ್ಟಿ ಮಾಡಿಸಿದ. ಅದಕ್ಕೆ ಬೇಕಾದ ಕ್ರೆಡಿಟ್, ಅಂದರೆ ಆಟದ ದುಡ್ಡು, ಗಳಿಸಲು ಒಂದೇ ರೇಸನ್ನು ಮಧ್ಯರಾತ್ರಿವರೆಗೆ ಓಡಿಸಿದ. ಕಾರು ಎಡಕ್ಕೇ ಹೋಯಿತು.

ಅಷ್ಟರಲ್ಲಿ ನನ್ನ ಅಸಲಿ ಕಾರಿನ ಸರ್ವಿಸಿನ ದಿನ ಬಂತು. 800 ಸಿಸಿಯ, ಮೂರು ಸಿಲಿಂಡರಿನ ಹಳೆ ಗಾಡಿ. ಹುಡುಗ ತಾನೂ ಬರುತ್ತೇನೆ ಅಂದ. ಹತ್ತಿದ ಕೂಡಲೇ ಬೆಲ್ಟ್ ಹಾಕು ಅಂದೆ. 2023ರ ಜೂನಿನಿಂದ ಕೇರಳದ ರಸ್ತೆಗಳಲ್ಲಿ 726 ಎಐ ಕ್ಯಾಮರಾಗಳು ಕಣ್ಣು ಬಿಟ್ಟುಕೊಂಡು ಕೂತಿವೆ, ಬೆಲ್ಟ್ ಇಲ್ಲದಿದ್ದರೆ 500 ರೂಪಾಯಿ. ಅವನ ಆಟದಲ್ಲಿ ದಂಡ ಹಾಕುವುದು ರೂಪಾಯಿಯಲ್ಲಲ್ಲ, ಸೆಕೆಂಡಿನ ಲೆಕ್ಕದಲ್ಲಂತೆ. ಪುಣ್ಯವಂತರು.

ವರ್ಕ್‌ಶಾಪಿನವನು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದ. ವೇಸ್ಟ್ ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ತೆಗೆದ. ಕಡ್ಡಿಯ ತುದಿಯಲ್ಲಿ ಕಪ್ಪು ಡಾಂಬರಿನಂಥದ್ದೊಂದು ಹನಿ, ಬೀಳಲೋ ಬೇಡವೋ ಅಂತ ನೇತಾಡುತ್ತಿತ್ತು. ಎರಡು ಬೆರಳಿನ ನಡುವೆ ಅದನ್ನು ತಿಕ್ಕಿ ನೋಡಿ, ನನ್ನ ಮುಖ ನೋಡಿ, ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿ ಇತ್ತು.

"ಆಯಿಲ್ ಬದಲಿಸಿದರೆ ಎಷ್ಟು ಹಾರ್ಸ್ ಪವರ್ ಜಾಸ್ತಿ ಆಗ್ತದೆ?" ಹುಡುಗ ಕೇಳಿದ. ಅವನ ಆಟದಲ್ಲಿ ಹಾಗೇ. ಆಯಿಲ್ ಹಳತಾದರೆ ಪವರ್ ಇಳಿಯುತ್ತದೆ, ಬದಲಿಸಿದರೆ ಏರುತ್ತದೆ, ಎಷ್ಟೆಂದು ಪರದೆ ಮೇಲೇ ಕಾಣುತ್ತದೆ.

"ಜಾಸ್ತಿ ಎಂತ ಆಗುವುದು ಮೋನೇ? ಇದ್ದ ಕುದುರೆ ಸಾಯುವುದಿಲ್ಲ, ಅಷ್ಟೇ" ಅಂದ ವರ್ಕ್‌ಶಾಪಿನವನು.

ಆಮೇಲೆ ಆತ ಗಾಡಿಯಡಿಗೆ ನುಗ್ಗಿದ. ಅಲ್ಲಿಂದಲೇ ಒಂದೊಂದಾಗಿ ವರದಿ ಬಂತು. ಲೋವರ್ ಆರ್ಮ್ ಬುಷ್ ಹೋಗಿದೆ. ಬ್ರೇಕ್ ಪ್ಯಾಡ್ ಸವೆದಿದೆ. "ಎಷ್ಟಾಗಬಹುದು?" ಅಂತ ಕೇಳಿದೆ. "ಬಿಚ್ಚಿ ನೋಡ್ಬೇಕು ಮಾಷ್ಟ್ರೇ" ಅಂದ. ಈ ಉತ್ತರ ಯಾವ ಆಟದಲ್ಲೂ ಇಲ್ಲ. ಬಿಚ್ಚುವ ಮೊದಲು ರೇಟಿಲ್ಲ, ಬಿಚ್ಚಿದ ಮೇಲೆ ನಮಗೆ ಬೇರೆ ದಾರಿಯಿಲ್ಲ.

ಹುಡುಗನಿಗೆ ಅವನ ಮೇಲೆ ಭಕ್ತಿ ಹುಟ್ಟಿತು. ತನ್ನ ಕಾರಿನ ರೋಗವನ್ನೂ ಹೇಳಿಕೊಂಡ. ಯಾವ ಕಾರು, ಯಾರ ಕಾರು ಅಂತ ಆತ ಕೇಳಲೇ ಇಲ್ಲ. ಸ್ಪಾನರ್ ತಿರುಗಿಸುತ್ತಲೇ ಒಂದು ಮಾತು ಕೇಳಿದ:

"ಬೇರೆ ಗಾಡಿ ಓಡಿಸಿದ್ರೂ ಎಡಕ್ಕೇ ಎಳೀತದಾ?"

"ಹೌದು. ಎಲ್ಲಾ ಗಾಡಿಯೂ."

"ಹಾಗಾದ್ರೆ ಗಾಡಿ ಸರಿ ಉಂಟು. ಹಿಡಿಯುವುದರಲ್ಲಿ ಏನೋ ಉಂಟು."

ಹುಡುಗ ಸ್ವಲ್ಪ ಹೊತ್ತು ಬಾಯಿ ತೆರೆದು ನಿಂತ. ನನ್ನ ಗಾಡಿ ಅವತ್ತು ಆಗಲಿಲ್ಲ, ಬುಷ್ ಮಂಗಳೂರಿಂದ ಬರಬೇಕಿತ್ತು. ಮರುದಿನ ಹೋಗುವಾಗ ಅವನ ಕೈಯಲ್ಲಿ ಆಟದ ಕಂಟ್ರೋಲರ್ ಇತ್ತು. ಹೆಬ್ಬೆರಳಿನಲ್ಲಿ ತಿರುಗಿಸುವ ಆ ಕಡ್ಡಿಯ ಬುಡದಲ್ಲಿ ಸಣ್ಣ ಸೆನ್ಸರ್ ಇರುತ್ತದಂತೆ. ಅದು ಸವೆದರೆ, ಧೂಳು ಹಿಡಿದರೆ, ಕೈ ಬಿಟ್ಟರೂ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಇಷ್ಟು ಹೊತ್ತು ಹುಡುಗ ರಿಪೇರಿ ಮಾಡಿಸಿದ್ದೆಲ್ಲ ಆರೋಗ್ಯವಂತ ಕಾರನ್ನು.

ವರ್ಕ್‌ಶಾಪಿನವನು ಅದನ್ನು ಮೇಲೆ ಕೆಳಗೆ ನೋಡಿದ. ವೈರಿಂಗ್ ಕೆಲಸಕ್ಕೆ ಇಟ್ಟ ಕಾಂಟ್ಯಾಕ್ಟ್ ಕ್ಲೀನರ್ ತಂದು ಬುಡಕ್ಕೆ ಸ್ವಲ್ಪ ಸ್ಪ್ರೇ ಹೊಡೆದು, ಕಡ್ಡಿಯನ್ನು ಗರಗರ ತಿರುಗಿಸಿ, ಒಣಗಲು ಬ್ಯಾಟರಿಯ ಪಕ್ಕದಲ್ಲಿಟ್ಟ. "ಎಷ್ಟಾಯ್ತು?" ಹುಡುಗ ಜೇಬಿಗೆ ಕೈ ಹಾಕಿದ. "ಬೇಡ ಮೋನೇ, ಮಕ್ಕಳ ಹತ್ರ ಎಂತ ದುಡ್ಡು!" ಎಂಥ ದೊಡ್ಡ ಮನಸ್ಸು ಅಂದುಕೊಂಡೆ.

ಆಮೇಲೆ ಬ್ರೇಕ್ ಪ್ಯಾಡಿನ ಡಬ್ಬಿ ಹರಿದು, ಅದರ ಹಿಂಬದಿಯಲ್ಲಿ ನನ್ನ ಬಿಲ್ ಬರೆದುಕೊಟ್ಟ. ಆಯಿಲ್, ಫಿಲ್ಟರ್, ಬುಷ್, ಪ್ಯಾಡ್, ಲೇಬರ್. ಕೊನೆಯಲ್ಲಿ ಇನ್ನೊಂದು ಸಾಲು: ಸ್ಟೀರಿಂಗ್ ಕ್ಲೀನಿಂಗ್, 100.