ಕೋಟೆ ಬಿದ್ದ ಕತೆ ನಾವ್ಯಾಕೆ ಹೇಳಲ್ಲ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಕಾರ್ಫ್ ಅಂತ ಒಂದು ಪುಟ್ಟ ಊರಿದೆ. ಪಕ್ಕದ ಗುಡ್ಡದ ಮೇಲೆ ಮುರಿದು ಬಿದ್ದ ಕೋಟೆ. ಹೊಸದುರ್ಗದಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಅದನ್ನು ನೋಡಿ, "ಬಿದ್ದಿರೋ ಗೋಡೆ ನೋಡೋಕೂ ಟಿಕೆಟ್ಟೇನೋ?" ಅಂದರು. ಟಿಕೆಟ್ ದುಬಾರಿಯೇ, ಒಪ್ಪುತ್ತೇನೆ. ಆದರೆ ಅಲ್ಲಿ ದುಡ್ಡು ಕೊಡುವುದು ಗೋಡೆಗಲ್ಲ, ಅದು ಬಿದ್ದ ಕತೆಗೆ.

ಕತೆ ಇಷ್ಟು. 11ನೇ ಶತಮಾನದಲ್ಲಿ ನಾರ್ಮನ್ನರು ಶುರು ಮಾಡಿದ ಕೋಟೆ. ನೂರಾರು ವರ್ಷ ರಾಜರ ಕೈಯಲ್ಲಿತ್ತು, ಆಮೇಲೆ ಮಾರಾಟವಾಯಿತು, 1635ರಲ್ಲಿ ಜಾನ್ ಬ್ಯಾಂಕ್ಸ್ ಅನ್ನುವ ನ್ಯಾಯಾಧೀಶ ಕೊಂಡುಕೊಂಡ. ಅಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ಬ್ಯಾಂಕ್ಸ್ ರಾಜನ ಕಡೆ ಹೋದ, ಕೋಟೆ ಕಾಯುವುದು ಹೆಂಡತಿ ಮೇರಿಯ ಪಾಲಿಗೆ ಬಂತು. 1643ರ ಮುತ್ತಿಗೆಯಲ್ಲಿ ಆಕೆ, ಹೆಣ್ಣುಮಕ್ಕಳು, ಕೆಲಸದ ಹೆಂಗಸರು, ಬೆರಳೆಣಿಕೆಯ ಸೈನಿಕರು ಸೇರಿ ಗೋಡೆ ಹತ್ತಿ ಬರುವವರ ಮೇಲೆ ಕಲ್ಲು, ಕೆಂಡ ಸುರಿದು ಓಡಿಸಿದರು.

ಇಲ್ಲಿಗೆ ನಮಗೆ ಓಬವ್ವ ನೆನಪಾಗುತ್ತಾಳೆ ಅಲ್ವಾ? ನಾವಾಗಿದ್ದರೆ ಇಲ್ಲಿಗೇ ಕತೆ ಮುಗಿಸುತ್ತಿದ್ದೆವು. ಅವರು ಮುಗಿಸುವುದಿಲ್ಲ. 1646ರಲ್ಲಿ ಒಳಗಿನ ಒಬ್ಬ ಅಧಿಕಾರಿಯೇ ಸಹಾಯಕ್ಕೆ ಪಡೆ ತರುತ್ತೇನೆಂದು ಶತ್ರುಗಳನ್ನು ಒಳಗೆ ಬಿಟ್ಟ. ಕೋಟೆ ಸೋತಿತು. ಮತ್ತೆ ಯಾರೂ ಬಳಸಬಾರದು ಅಂತ ಪಾರ್ಲಿಮೆಂಟಿನವರು ಬುಡಕ್ಕೆ ಮದ್ದು ತುಂಬಿ ಸಿಡಿಸಿದರು. ಇವತ್ತಿಗೂ ಒಂದು ಹೆಬ್ಬಾಗಿಲು ಸೀಳಿ, ಅರ್ಧ ಭಾಗ ಕೆಳಕ್ಕೆ ಜಾರಿ ನಿಂತಿದೆ. ಊರಿನವರು ಆ ಕಲ್ಲು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರು. ಅದನ್ನೂ ಮುಚ್ಚಿಡದೆ, ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾರೆ. ಸೋಲು, ದ್ರೋಹ, ಕಲ್ಲು ಕದ್ದದ್ದು, ಎಲ್ಲ ಸೇರಿದರೇ ಆ ಊರಿನ ಇತಿಹಾಸ.

ಈಗ ದುರ್ಗಕ್ಕೆ ಬನ್ನಿ. ಏಳು ಸುತ್ತಿನ ಕೋಟೆ, ಕಿಂಡಿ, ಒನಕೆ, ಎಲ್ಲ ಬಾಯಿಪಾಠ. ಆಮೇಲೆ? 1779ರಲ್ಲಿ ಹೈದರ್ ಅಲಿ ಕೋಟೆ ಹಿಡಿದ, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಇದನ್ನು ಹೇಳುವಾಗ ದನಿ ತಗ್ಗುತ್ತದೆ, ಎರಡು ಮಾತಲ್ಲಿ ಮುಗಿಯುತ್ತದೆ. ಬಿದನೂರಿನ ರಾಣಿ ವೀರಮ್ಮಾಜಿಯದು ಇನ್ನೂ ಕಷ್ಟ. 1763ರಲ್ಲಿ ಸೋತ ಮೇಲೆ ಆಕೆಯನ್ನು ಇಟ್ಟಿದ್ದು ಮಧುಗಿರಿ ಕೋಟೆಯಲ್ಲಿ. ಭಾನುವಾರ ಮಧುಗಿರಿ ಬೆಟ್ಟ ಹತ್ತಿ ಫೋಟೋ ಹಾಕುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಎಷ್ಟೋ ಕೋಟೆಗಳಲ್ಲಿ ಎದ್ದು ಕಾಣುವುದು ನೀಲಿ ಬೋರ್ಡು ಒಂದೇ: ಹಾನಿ ಮಾಡಿದರೆ ಎರಡು ವರ್ಷ ಜೈಲು, ಒಂದು ಲಕ್ಷ ದಂಡ.

ಹೈದರ್ ಹೆಸರು ಎತ್ತಿದರೆ ಜಗಳ ಶುರುವಾಗುತ್ತದೆ, ಅದಕ್ಕೇ ಸುಮ್ನಿರ್ತೀವಿ ಅಂತ ಸ್ನೇಹಿತರು ಹೇಳುತ್ತಾರೆ. ಇರಬಹುದು. ಇಂಗ್ಲಿಷರಿಗೂ ಅವರವರೇ ಹೊಡೆದಾಡಿದ ಕತೆ ಹೇಳುವುದು ಸುಲಭ. ಕಾರ್ಫ್ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನದ್ದೇ ವೇಲ್ಸ್‌ನ ಪೋವಿಸ್ ಕೋಟೆ. ಅಲ್ಲಿ ಟಿಪ್ಪುವಿನ ಡೇರೆ ಇದೆ. ಅದು ಅಲ್ಲಿಗೆ ಬಂದ ಬಗೆಯನ್ನು ಹೇಳುವುದು ಅವರಿಗೂ ಇಷ್ಟು ಸಲೀಸಲ್ಲ.

ಇನ್ನೊಂದು ಮಾತು. ಕಾರ್ಫ್ ಸಂಜೆಗೆ ಬೀಗ ಹಾಕಿಕೊಳ್ಳುವ ಕೋಟೆ, ಒಳಗೆ ಯಾರ ದೇವರೂ ಇಲ್ಲ. ದುರ್ಗದ ಬೆಟ್ಟದ ಮೇಲೆ ಏಕನಾಥೇಶ್ವರಿಗೆ ಇವತ್ತೂ ಪೂಜೆ ನಡೆಯುತ್ತದೆ. ಆ ವಿಷಯದಲ್ಲಿ ನಮ್ಮದೇ ಮೇಲು, ಬಿಟ್ಟುಕೊಡಲ್ಲ. ದುರ್ಗದ ಗೈಡುಗಳಿಗೂ ಉಳಿದ ಕತೆ ಗೊತ್ತಿಲ್ಲ ಅಂತಲ್ಲ, ಕೂತು ಕೇಳಿದರೆ ಗಂಟೆಗಟ್ಟಲೆ ಹೇಳುತ್ತಾರೆ. ನಾವೇ ಕಿಂಡಿ ಹತ್ತಿರ ಸೆಲ್ಫಿ ತೆಗೆದುಕೊಂಡು ಬಸ್ಸಿಗೆ ಓಡುತ್ತೇವೆ.