ಹಳೇ ದೋಣಿಗೆ ಹೊಸ ಹಳೇತನ

"ಸೋರಿದ್ರೆ ಸೋರಲಿ ಬಿಡಿ ಆಚಾರ್ರೇ, ನಾವೇನು ನೀರಿಗೆ ಇಳಿಸ್ತೀವಾ?"

ಈ ಮಾತು ಕೇಳಿಕೊಂಡು ಈಗಷ್ಟೇ ಮನೆಗೆ ಬಂದೆ. ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಹೆಂಡತಿ ಹತ್ರ ಹೇಳಿದರೆ "ನಿಮ್ಮದು ಯಾವತ್ತೂ ಇದ್ದದ್ದೇ" ಅಂತಾಳೆ. ಅದಕ್ಕೆ ಇಲ್ಲಿ ಕಾರಿಕೊಳ್ತಿದ್ದೇನೆ. ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ಶರಾವತಿ ಹಿನ್ನೀರಿನ ದಂಡೆ ಮೇಲೆ ಹೊಸದೊಂದು ರೆಸಾರ್ಟ್. ಹೆಸರು ಬೇಡ. ಊಟದ ಹಾಲ್‌ನಲ್ಲಿ ಹಳೇ ಹಲಗೆ ದೋಣಿಯೊಂದನ್ನು ಸರಪಳಿ ಹಾಕಿ ಮಾಡಿಗೆ ನೇತುಹಾಕಬೇಕಂತೆ, ಅದರ ಹೊಟ್ಟೆಯೊಳಗೆ ಲೈಟ್ ಉರಿಸಬೇಕಂತೆ. ಫೋನಿನಲ್ಲಿ "ದೋಣಿ ರಿಪೇರಿ" ಅಂದಿದ್ದರು. ನಾನು ಪೆದ್ದನ ಹಾಗೆ ಬಾಚಿ, ಉಳಿ, ಕೊಡತಿ, ಹತ್ತಿ, ರಾಳ ಎಲ್ಲ ಹೊತ್ತುಕೊಂಡು ಹೋದೆ. ಅವರ ಲೆಕ್ಕದ ರಿಪೇರಿ ಅಂದರೆ ಇಷ್ಟೇ: ಇರುವ ಬಣ್ಣ ಪೂರಾ ಕೆರೆದು, ಮೆಷಿನ್ ಹಾಕಿ ಉಜ್ಜಿ ನಯ ಮಾಡಬೇಕು. ಆಮೇಲೆ ಅಲ್ಲಲ್ಲಿ ಸುಟ್ಟು ಕಪ್ಪು ಮಾಡಿ "ಹಳೇ ಲುಕ್" ತರಬೇಕು. ಮೇಲೆ ವಾರ್ನಿಶ್. ದೋಣಿಯಲ್ಲಿ ಇದ್ದ ಹಳೇತನ ಕಿತ್ತು ಹಾಕಿ, ಅಂಗಡಿಯಿಂದ ತಂದ ಹಳೇತನ ಬಳಿಯಬೇಕು. ಕೂಲಿ ಮಾತ್ರ ಕೇಳಿದಷ್ಟು.

ದೋಣಿ ನೋಡಿದೆ ಮಾರಾಯ್ರೆ. ಹೆಬ್ಬಲಸಿನ ಮರದ್ದು. ಬಣ್ಣ ಕೆರೆದು ನೋಡಿದರೆ ಮೇಲೆ ನೀಲಿ, ಅದರಡಿ ಹಸಿರು, ಎಲ್ಲದರ ಅಡಿ ಡಾಂಬರು. ಎಡಮಗ್ಗುಲಿನ ಹಲಗೆ ಯಾವಾಗಲೋ ಉದ್ದಕ್ಕೆ ಸೀಳಿದೆ. ಯಾರೋ ಪುಣ್ಯಾತ್ಮ ಆ ಸೀಳಿಗೆ ಅಡ್ಡವಾಗಿ, ಡಮರುವಿನ ಹಾಗೆ ನಡು ಸಪೂರ ಇರುವ ಮರದ ಬಿಲ್ಲೆ ಕೂರಿಸಿದ್ದಾನೆ. ಒಂದು ಮೊಳೆ ಇಲ್ಲ. ಉಗುರು ತೂರಿಸಲೂ ಸಂದಿಲ್ಲ. ಸೀಳು ಮುಂದಕ್ಕೆ ಓಡಬಾರದು ಅಂತ ಅದರ ತುದಿಗೆ ಸರಿಯಾಗಿ ಬೈರಿಗೆಯಲ್ಲಿ ತೂತು ಕೊರೆದು ಮರದ ಗೂಟ ಹೊಡೆದಿದ್ದಾನೆ. ಬಿಲ್ಲೆಯ ಮೇಲೆ ಕೈಯಾಡಿಸುತ್ತಾ ಕೂತುಬಿಟ್ಟೆ. ಆಗ ರೆಸಾರ್ಟಿನ ಹುಡುಗ ಬಗ್ಗಿ ನೋಡಿ ಹೇಳಿದ್ದು: "ಈ ಪ್ಯಾಚ್ ಒಂದು ಕಾಣಬಾರದು, ಪುಟ್ಟಿ ಹಾಕಿ ಮುಚ್ಚಿಬಿಡಿ."

ಮುಚ್ಚಬೇಕಂತೆ!

ತಳದ ಹಲಗೆಯಲ್ಲಿ ಉದ್ದುದ್ದ ಗೀರುಗಳು. ಅವನ್ನೂ ಉಜ್ಜಿ ತೆಗೆಯಬೇಕಂತೆ. ನಮ್ಮ ಕಡೆಯವರಿಗೆ ಆ ಗೀರು ಎಲ್ಲಿಂದ ಬಂತು ಅಂತ ಹೇಳಬೇಕಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಕಾಡು, ಗದ್ದೆ, ಮನೆ ಎಲ್ಲ ಮುಳುಗಿತಲ್ಲ, ಆ ಮರಗಳ ಬೊಡ್ಡೆ ಇವತ್ತಿಗೂ ನೀರೊಳಗೆ ನಿಂತಿವೆ. ಅಣೆಕಟ್ಟು ಪೂರ್ತಿ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 1819 ಅಡಿಗೆ, ತುಂಬಿದಾಗ ಏನೂ ತೋರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುವಾಗ ಬೊಡ್ಡೆಯ ತಲೆ ನೀರಿನ ಮಟ್ಟಕ್ಕಿಂತ ಗೇಣು ಕೆಳಗೆ ಕಾದು ಕೂತಿರುತ್ತದೆ. ಹುಟ್ಟು ಹಾಕುವವನಿಗೆ ಜಾಗ ಗೊತ್ತಿರಬೇಕು, ಇಲ್ಲದಿದ್ದರೆ ತಳ ಗೀರುತ್ತದೆ. ಮುಳುಗಿದ ಕಾಡು ಬರೆದ ಗೀರು ಅದು. ಅದನ್ನು ಉಜ್ಜಿ, ಅದೇ ಜಾಗದಲ್ಲಿ ತಂತಿ ಬ್ರಷ್ಷಿನಿಂದ ಡಿಸೈನಾಗಿ ಗೀರು ಹಾಕಿಕೊಡಬೇಕಂತೆ ನಾನು.

ಇನ್ನೊಂದು ತಮಾಷೆ. ಬೋರ್ಡ್ ಆಗಲೇ ಬರೆಸಿ ಇಟ್ಟಿದ್ದಾರೆ: "200 ವರ್ಷದ ಪಾರಂಪರಿಕ ದೋಣಿ." ಹಲಗೆಯ ಒಳಮೈಯಲ್ಲಿ ಸಾಮಿಲ್ಲಿನ ದುಂಡು ಗರಗಸದ ಕಮಾನು ಗೆರೆ ಢಾಳಾಗಿ ಕಾಣುತ್ತಿದೆ. ಕೈಗರಗಸದ ಗೆರೆ ನೆಟ್ಟಗಿರುತ್ತದೆ, ಕಮಾನಾಗುವುದಿಲ್ಲ. 200 ವರ್ಷದ ಹಿಂದೆ ನಮ್ಮ ಕಾಡಿನಲ್ಲಿ ಯಾವ ಸಾಮಿಲ್ಲು ಇತ್ತು ಸ್ವಾಮಿ? ಹೇಳಿದೆ. "ಗೆಸ್ಟ್‌ಗಳಿಗೆ ಅದೆಲ್ಲ ಗೊತ್ತಾಗಲ್ಲ" ಅಂದರು.

ನನಗೆ ಮೈ ಉರಿಯುವುದು ಸುಳ್ಳು ಬೋರ್ಡಿಗಲ್ಲ. ಸೋರಿದರೂ ಪರವಾಗಿಲ್ಲ ಅನ್ನುತ್ತಾರಲ್ಲ, ಅದಕ್ಕೆ. ಸೋರಬಾರದು ಅನ್ನುವುದನ್ನು ತೆಗೆದರೆ ನನ್ನ ಕೆಲಸದಲ್ಲಿ ಉಳಿಯುವುದೇನು? ಕೊಳೆತ ಹಲಗೆಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸುತ್ತೇವೆ. ಹೊಸ ತುಂಡನ್ನು ಓರೆಯಾಗಿ ಬೆಸೆಯುತ್ತೇವೆ. ಹಲಗೆ ಒಂದಿಂಚು ದಪ್ಪ ಇದ್ದರೆ ಓರೆ 8 ಇಂಚಾದರೂ ಉದ್ದ ಬರಬೇಕು, ಗಿಡ್ಡ ಮಾಡಿದರೆ ಅಲ್ಲೇ ಮುರಿಯುತ್ತದೆ. ಸಂದಿಗೆ ಹತ್ತಿ ಹೊಸೆದು ತುಂಬಿ, ರಾಳ ಎಣ್ಣೆ ಕಾಯಿಸಿ ಮೆತ್ತುವುದು. ಇಲ್ಲೊಂದು ಹದ ಇದೆ. ಒಣಗಿದ ದೋಣಿಗೆ ಹತ್ತಿಯನ್ನು ಗಿಡಿದು ತುಂಬಿದರೆ, ನೀರಿಗೆ ಇಳಿಸಿದ ಮೇಲೆ ಮರ ಉಬ್ಬಿ, ಉಬ್ಬಲು ಜಾಗ ಇಲ್ಲದೆ ಹಲಗೆಯೇ ಮೊಳೆ ಕಿತ್ತುಕೊಂಡು ಎದ್ದು ಬರುತ್ತದೆ. ಸಡಿಲ ಬಿಟ್ಟರೆ ಸೋರುತ್ತದೆ. ಎಷ್ಟು ಬಿಗಿ ಅಂತ ಕೊಡತಿಯ ಸದ್ದೇ ಹೇಳಬೇಕು. ಹೊನ್ನಾವರದ ಕಡೆ ದೋಣಿ ಕಟ್ಟುವವರ ಹತ್ತಿರ ಬೈಸಿಕೊಂಡು ಕಲಿತದ್ದು ಇದನ್ನೇ. ಎಲ್ಲ ಮುಗಿದ ಮೇಲೆ ದಂಡೆಯಲ್ಲೇ ದೋಣಿಗೆ ನೀರು ತುಂಬಿಸಿ ಬಿಡುತ್ತೇವೆ, ಮರ ಕುಡಿಯಲಿ ಅಂತ. ಮೊದಮೊದಲು ಸೋರುತ್ತದೆ, ಆಮೇಲೆ ಹಲಗೆ ಉಬ್ಬಿ ಸಂದಿ ಕಚ್ಚಿಕೊಂಡು ತಾನಾಗಿ ನಿಲ್ಲುತ್ತದೆ. ಅದು ನಿಂತ ಹೊತ್ತಿನ ಖುಷಿ ಯಾವ ವಾರ್ನಿಶಿನಲ್ಲೂ ಬರುವುದಿಲ್ಲ.

ಇಂಥದ್ದನ್ನು ಎಸಿ ಹಾಲ್‌ನಲ್ಲಿ ನೇತುಹಾಕಿ ಒಳಗೆ ಲೈಟ್ ಉರಿಸಿದರೆ ಸಂದಿಯೆಲ್ಲ ಬಾಯಿ ಬಿಡುತ್ತದೆ, ತುದಿಗಳು ಸೀಳುತ್ತವೆ ಅಂದೆ. ಅದಕ್ಕೆ ಬಂದ ಉತ್ತರ: "ಕ್ರ್ಯಾಕ್ ಬಂದರೆ ಇನ್ನೂ ಚೆನ್ನಾಗಿ ಕಾಣುತ್ತೆ." ಅಲ್ಲಿಗೆ ನನ್ನ ವಾದ ಮುಗಿಯಿತು.

ಈಗ ನೀವು ಹೇಳುವುದು ನನಗೆ ಗೊತ್ತು. ದಾರಿಯಲ್ಲಿ ಸಿಕ್ಕ ಗೆಳೆಯನೂ ಅದನ್ನೇ ಹೇಳಿದ: "ಹೋಗ್ಲಿ ಬಿಡಾ, ಒಲೆಗೆ ಹಾಕದೆ ಉಳಿಸಿದಾರಲ್ಲ." ಬಚ್ಚಲೊಲೆಗೆ ಹಾಕಿದ್ದರೆ ನಾಲ್ಕು ಜನಕ್ಕೆ ಬಿಸಿನೀರಾದರೂ ಆಗುತ್ತಿತ್ತು! ಮಾಡಿಗೆ ಕಟ್ಟಿದ ದೋಣಿಯಿಂದ ಯಾರಿಗೆ ಏನು? ಅದರಡಿ ನಿಂತು ಫೋಟೋ ತೆಗೆಸಿಕೊಳ್ಳುವವರು ಇರ್ತಾರೆ, ಹೌದು.

ಕಾಲ ಬದಲಾಗಬಾರದು ಅಂತ ನಾನು ಹಟ ಹಿಡಿದವನಲ್ಲ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆದಾಗ ಎಲ್ಲರ ಹಾಗೆ ನಾನೂ ಹೋಗಿ ನಡೆದು ಬಂದೆ. ತುಮರಿ ಕಡೆಯವರು ರಾತ್ರಿ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಬಸುರಿಯನ್ನೋ ಹಾವು ಕಚ್ಚಿದವರನ್ನೋ ಸಾಗರಕ್ಕೆ ತರಲು ಪಟ್ಟ ಪಾಡು ನೋಡಿದವರಿಗೆ ಸೇತುವೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಮೀನು ಹಿಡಿಯುವವರು ಫೈಬರ್ ದೋಣಿ ತಗೊಂಡರೂ ಬೇಜಾರಿಲ್ಲ. ಹಗುರ, ಕೊಳೆಯಲ್ಲ, ವರ್ಷ ವರ್ಷ ನನ್ನಂಥವನ ಮುಖ ನೋಡಬೇಕಾಗಿಲ್ಲ. ಅದು ನೀರಿನ ಮೇಲಿದೆ, ಕೆಲಸ ಮಾಡುತ್ತಿದೆ, ಅಷ್ಟು ಸಾಕು.

ಮತ್ತೆ, ನಿಜ ಹೇಳಿಬಿಡುತ್ತೇನೆ. ನನ್ನ ಮನೆ ನಡೆಸುತ್ತಿರುವುದು ದೋಣಿಯಲ್ಲ. ಕಿಟಕಿ, ಬಾಗಿಲು, ಮಂಚ. ಮಗಳ ಹಾಸ್ಟೆಲ್ ಫೀಸ್ ಈ ತಿಂಗಳು ಕಟ್ಟಬೇಕು. ಆ ರೆಸಾರ್ಟಿನವರು ಹೇಳಿದ ಮೊತ್ತಕ್ಕೆ ಅದು ಸಲೀಸಾಗಿ ಮುಗಿಯುತ್ತಿತ್ತು. "ಆಗಲ್ಲ" ಅಂತ ಹೇಳಿ ಬೈಕ್ ಹತ್ತಿದ ಮೇಲೆ ಅರ್ಧ ದಾರಿಯವರೆಗೂ ಗುಣಾಕಾರ ಭಾಗಾಕಾರ ಮಾಡುತ್ತಲೇ ಬಂದೆ. ಹೆಂಡತಿಗೆ ಮೊತ್ತ ಹೇಳಿಲ್ಲ. ಫೇಸ್‌ಬುಕ್ ನೋಡುವ ಅವಳ ತಮ್ಮಂದಿರೂ ದಯವಿಟ್ಟು ಹೇಳಬೇಡಿ.

ಸದ್ಯ ನನ್ನ ಶೆಡ್ಡಿನಲ್ಲಿ ಇರುವುದು ಹೊಸನಗರ ಕಡೆಯ ಮೀನಿನವರೊಬ್ಬರ ದೋಣಿ. ಅಡ್ವಾನ್ಸ್ ಅಂತ ಕೊಟ್ಟದ್ದು ಒಂದು ಕಟ್ಟು ಒಣಮೀನು. ಕಬ್ಬಿಣದ ಮೊಳೆ ತುಕ್ಕು ತಿಂದು ಸುತ್ತಲಿನ ಮರವೆಲ್ಲ ಕಪ್ಪಾಗಿ, ಉಳಿ ಇಟ್ಟರೆ ಪುಡಿಪುಡಿ ಬರುತ್ತಿದೆ. ತಾಮ್ರದ ಮೊಳೆ ಹಾಕೋಣ ಅಂದರೆ "ನನ್ನ ದೋಣಿಗಿಂತ ನಿಮ್ಮ ಮೊಳೆಗೇ ರೇಟ್ ಜಾಸ್ತಿ" ಅಂತ ನಗುತ್ತಾರೆ. ಆದರೆ ಮನುಷ್ಯ ದಿನಾ ಫೋನ್ ಮಾಡುತ್ತಾರೆ, ಕೇಳುವುದು ಒಂದೇ ಪ್ರಶ್ನೆ: "ನೀರು ನಿಲ್ತದಾ ಆಚಾರ್ರೇ?"

ಆ ದೋಣಿಗೆ ಎರಡು ಹಲಗೆ ಬೇಕು. ಹೆಬ್ಬಲಸು, 10 ಅಡಿ ಉದ್ದ, ಒಂದೂಕಾಲು ಇಂಚು ದಪ್ಪ, ಗಂಟು ಕಡಿಮೆ ಇರಬೇಕು. ಹಲಸು ಕೊಟ್ಟು ಹೆಬ್ಬಲಸು ಅಂತ ಸಾಗಹಾಕಲು ಬರಬೇಡಿ, ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ. ಗಾಳಿಗೆ ಬಿದ್ದ ಮರವಾದರೂ ಆದೀತು, ಪರ್ಮಿಟ್ ಸರಿಯಾಗಿ ಇದ್ದವರು ಮಾತ್ರ ಇನ್‌ಬಾಕ್ಸಿಗೆ ಬನ್ನಿ. ಕಾಗದ ಇಲ್ಲದ ನಾಟಾ ಬೇಡವೇ ಬೇಡ.